ಹಗರಿ ಸೀಮೆಯಲ್ಲಿ ಒಂದು ಸುತ್ತು

ಬೇಸಿಗೆ ರಜೆ ಹತ್ತಿರವಾದಂತೆ ನಮ್ಮ ಕುಟುಂಬಗಳಲ್ಲಿ ಪ್ರವಾಸದ ಮಾತು ಮೊದಲಾಗುತ್ತದೆ. ಅನುಕೂಲವುಳ್ಳವರು ನಾರ್ವೆ ದೇಶದ ಫ್ಯೋರ್ಡ್‌ಗಳನ್ನು ನೋಡಿ ಬರುವುದೂ ಈಗ ಅಪರೂಪವಲ್ಲ. ಫ್ಯೋರ್ಡ್ ಎಂದರೆ ಹಿಮನದಿಗಳು ಬೆಟ್ಟಗಳನ್ನು ಕೊರೆದ ಕಣಿವೆಗಳಿಗೆ ಸಮುದ್ರ ನುಗ್ಗಿ ಆದ ಉದ್ದನೆಯ ಕೊಲ್ಲಿ. ಅಲ್ಲಿನ ಊರ್ನೆಸ್ ಎಂಬ ಹಳ್ಳಿಯಲ್ಲಿ, ನೀರಿನ ಮೇಲಣ ದಿಣ್ಣೆಯೊಂದರಲ್ಲಿ, ಹನ್ನೆರಡನೆಯ ಶತಮಾನದ ಮರದ ದೇವಾಲಯವಿದೆ. ಬಳ್ಳಿ ಬಳ್ಳಿಗೆ ಹೆಣೆದುಕೊಂಡ ಮೃಗಗಳ ಕೆತ್ತನೆ ಅದರ ಹೆಗ್ಗಳಿಕೆ. 1979ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನೋಡತಕ್ಕ ಸ್ಥಳವೇ ಸರಿ. ಆದರೆ ಆ ಮರವನ್ನು ಕೆತ್ತುತ್ತಿದ್ದ ಕಾಲಕ್ಕೆ ತುಸು ಹಿಂದೆ ಮುಂದೆ ನಮ್ಮ ತುಂಗಭದ್ರೆಯ ದಡದ ಕುರುವತ್ತಿಯಲ್ಲಿಯೂ ಶಿಲ್ಪಿಗಳು ಕಲ್ಲಿನಲ್ಲಿ ಬಳ್ಳಿಗಳನ್ನು ಬಿಡಿಸುತ್ತಿದ್ದರೆಂಬುದನ್ನು ನಿಮ್ಮಲ್ಲಿ ಎಷ್ಟು ಮಂದಿ ಬಲ್ಲಿರಿ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ: ಈ ಐದು ಹೆಸರುಗಳನ್ನು ಕೇಳಿದೊಡನೆ ನಮಗೆ ನೆನಪಾಗುವುದು ಬರಗಾಲ ಮತ್ತು ಗುಳೆ ಹೋಗುವ ಜನ. ಅದು ಸುಳ್ಳಲ್ಲ. ಆದರೆ ಅದಷ್ಟೇ ಈ ಸೀಮೆಯ ಚರಿತ್ರೆಯೂ ಅಲ್ಲ. 1800ರಲ್ಲಿ ಹೈದರಾಬಾದಿನ ನಿಜಾಮನು ಇಂಗ್ಲಿಷರಿಗೆ ಬಿಟ್ಟುಕೊಟ್ಟ ಜಿಲ್ಲೆಗಳಲ್ಲಿ ಈ ಪ್ರದೇಶವೂ ಒಂದು. ಥಾಮಸ್ ಮನ್ರೋ ಇಲ್ಲಿನ ಮೊದಲ ಕಲೆಕ್ಟರ್ ಆಗಿದ್ದನು. ಒಂದೂವರೆ ಶತಮಾನ ಮದರಾಸಿನ ಆಡಳಿತದಲ್ಲಿದ್ದು, 1953ರ ಅಕ್ಟೋಬರ್ 1ರಂದು ಇದು ಮೈಸೂರು ರಾಜ್ಯವನ್ನು ಸೇರಿತು. ಹರಪನಹಳ್ಳಿಯ ಅಲೆದಾಟ ಅಲ್ಲಿಗೂ ಮುಗಿಯಲಿಲ್ಲ. 1997ರಲ್ಲಿ ಅದು ದಾವಣಗೆರೆ ಜಿಲ್ಲೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಮರಳಿತು, 2021ರಲ್ಲಿ ಉಳಿದ ನಾಲ್ಕರೊಡನೆ ಹೊಸ ವಿಜಯನಗರ ಜಿಲ್ಲೆಯ ಭಾಗವಾಯಿತು. ಯಾವ ಕಚೇರಿಯಿಂದ ನೋಡಿದರೂ ಅಂಚಿನಲ್ಲಿಯೇ ಉಳಿದ ನಾಡು ಇದು. ಇಲ್ಲಿನ ಗುಡಿಗಳಿಗೆ ಹಂಪಿಯ ಕೀರ್ತಿ ಬಾರದಿರಲು ಇದೂ ಒಂದು ಕಾರಣವಿರಬೇಕೆಂದು ನನಗನಿಸುತ್ತದೆ.

ಮೊದಲು ಹಡಗಲಿಯನ್ನು ನೋಡೋಣ, ಏಕೆಂದರೆ ಹೇಳುವುದು ಅಲ್ಲಿಯೇ ಹೆಚ್ಚು. ಹೂವಿನ ಹಡಗಲಿಯ ಮಲ್ಲಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಹೂವು. ವಿಜಯನಗರದ ಅರಸರಿಗೆ ಇಲ್ಲಿಂದ ಹಡಗುಗಳಲ್ಲಿ ಹೂವು ಹೋಗುತ್ತಿದ್ದುದರಿಂದ ಊರಿಗೆ ಈ ಹೆಸರು ಬಂದಿತೆಂದು ಯಾರನ್ನು ಕೇಳಿದರೂ ಹೇಳುತ್ತಾರೆ. ಕಥೆ ಸೊಗಸಾಗಿದೆ. ಆದರೆ ಚಾಲುಕ್ಯರ ಕಾಲದ ಶಾಸನಗಳು ಈ ಊರನ್ನು ‘ಪೂವಿನ ಪೊಸವಡಂಗಿಲೆ’ ಎಂದು ಕರೆಯುತ್ತವೆ. ಅಂದರೆ ಹೂವಿನ ಹೊಸ ಪಡಂಗಿಲೆ. ಹಳಗನ್ನಡದ ಪಕಾರ ಹಕಾರವಾಗಿ ಪಡಂಗಿಲೆಯೇ ಹಡಗಲಿಯಾಗಿದೆ. ವಿಜಯನಗರ ಸ್ಥಾಪನೆಯಾಗುವ ಮೊದಲೇ ಊರಿನ ಹೆಸರಿನಲ್ಲಿ ಹೂವಿತ್ತು, ಹಡಗು ಮಾತ್ರ ಇರಲಿಲ್ಲ! ಇದು ಹೊಸದಾದರೆ ಹಳೆಯದು ಯಾವುದು ಎಂಬ ಪ್ರಶ್ನೆಗೆ ಉತ್ತರ ಅದೇ ತಾಲ್ಲೂಕಿನಲ್ಲಿದೆ, ಹಿರೇಹಡಗಲಿ.

ಆ ಹಿರೇಹಡಗಲಿ ಸಾಮಾನ್ಯ ಹಳ್ಳಿಯಲ್ಲ. ಪಲ್ಲವ ದೊರೆ ಶಿವಸ್ಕಂದವರ್ಮನ ತಾಮ್ರಪಟಗಳು ದೊರೆತದ್ದು ಅಲ್ಲಿ. ನಾಲ್ಕನೆಯ ಶತಮಾನದ ಈ ಶಾಸನ ಪ್ರಾಕೃತ ಭಾಷೆಯಲ್ಲಿದೆ. ಜರ್ಮನಿಯ ವಿದ್ವಾಂಸ ಜಾರ್ಜ್ ಬ್ಯೂಲರ್ ಅದನ್ನು ಓದಿ ಪ್ರಕಟಿಸಿದನು. ದೂರದ ಕಾಂಚೀಪುರದಿಂದ ಹೊರಟ ಆಜ್ಞೆ, ‘ಸಾತಾಹನಿರಟ್ಠ’ ಎಂಬ ನಾಡಿನ ಒಂದು ದತ್ತಿಯನ್ನು ಕುರಿತದ್ದು. ರಾಜಕುಮಾರರು, ಸೇನಾಪತಿಗಳಿಂದ ಹಿಡಿದು ಗ್ರಾಮಭೋಜಕರು, ಗೋವಳರ ವರೆಗೆ ಎಲ್ಲರನ್ನೂ ಅದು ಸಂಬೋಧಿಸುತ್ತದೆ. ದನ ಕಾಯುವವನಿಗೂ ಅರಸನ ಆಜ್ಞೆ ತಲುಪಬೇಕಿತ್ತು ಎಂಬ ಅಂಶ ನನ್ನನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿದ್ದುಂಟು. ಆ ಊರಿನ ಕಟ್ಟೇಶ್ವರ ಗುಡಿ ಹನ್ನೊಂದನೆಯ ಶತಮಾನದ್ದು. ಹೂವಿನ ಹಡಗಲಿಯ ಕೇಶವ ದೇವಾಲಯವೂ ಅದೇ ಶತಮಾನದ್ದು. ಅದನ್ನು 1090ರ ಸುಮಾರಿಗೆ ಕಟ್ಟಿಸಿದವಳು ಆರನೆಯ ವಿಕ್ರಮಾದಿತ್ಯನ ದಂಡನಾಯಕನೊಬ್ಬನ ಪತ್ನಿ ರೆಬ್ಬಲದೇವಿ.

ಕುರುವತ್ತಿ ನದಿಯ ದಡದಲ್ಲಿಯೇ ಇದೆ. ಅಲ್ಲಿನ ಮಲ್ಲಿಕಾರ್ಜುನ ದೇವಾಲಯದ ಮೂಡಣ ಬಾಗಿಲಿನ ಕಂಬಗಳ ಮೇಲೆ ಮದನಿಕೆಯರಿದ್ದಾರೆ. ಬಳಪದ ಕಲ್ಲಿನ ಗುಣವೇ ಹಾಗೆ. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಉಳಿಗೆ ಮಣಿಯುತ್ತದೆ, ಗಾಳಿ ತಾಗಿದಂತೆ ಗಡುಸಾಗುತ್ತದೆ. ಆದುದರಿಂದಲೇ ಆ ಮೂರ್ತಿಗಳ ಸುತ್ತಲಿನ ಎಲೆಬಳ್ಳಿಗಳನ್ನು ಕಲ್ಲಿನಿಂದ ಬಿಡಿಸಿ, ಹಿಂದೆ ಬೆಳಕು ಕಾಣುವಂತೆ ಕೊರೆಯಲು ಸಾಧ್ಯವಾಯಿತು. ಬೇಲೂರಿನ ಮದನಿಕೆಯರನ್ನು ಮೆಚ್ಚುವವರು ಅವರ ಈ ಹಿರಿಯಕ್ಕಂದಿರನ್ನೂ ಒಮ್ಮೆ ಕಾಣಬೇಕು. ಪುರಾತತ್ತ್ವ ಇಲಾಖೆಯ ಅಲೆಗ್ಸಾಂಡರ್ ರೀ 1896ರಲ್ಲಿ ಮದರಾಸಿನಿಂದ ಪ್ರಕಟಿಸಿದ ಚಾಲುಕ್ಯ ವಾಸ್ತುಶಿಲ್ಪದ ಗ್ರಂಥದಲ್ಲಿ ಕುರುವತ್ತಿ, ಮಾಗಳ, ಹಡಗಲಿ, ಬಾಗಳಿ, ನೀಲಗುಂದಗಳ ಗುಡಿಗಳನ್ನು ಅಳೆದು ಚಿತ್ರಿಸಿದ್ದಾನೆ. ಪರದೇಶದವನೊಬ್ಬ ಅಂದೇ ಅಷ್ಟು ಶ್ರಮಪಟ್ಟು ಮಾಡಿದ ಕೆಲಸವನ್ನು ಇಂದು ನಮ್ಮ ಶಾಲೆಯ ಮಕ್ಕಳಿಗೆ ಹೇಳುವವರೇ ವಿರಳ.

ಅಲ್ಲಿಂದ ಮೈಲಾರ ದೂರವಿಲ್ಲ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದೊಡನೆ ಡೆಂಕನ ಮರಡಿಯಲ್ಲಿ ನೆರೆದ ಲಕ್ಷಾಂತರ ಜನ ಒಮ್ಮೆಲೇ ಮೌನವಾಗುತ್ತಾರೆ. ಆತ ಒಂದೇ ಸಾಲಿನ ಕಾರಣಿಕ ನುಡಿದು ಮೇಲಿನಿಂದ ಬೀಳುತ್ತಾನೆ. ಜನ ಕೈಚಾಚಿ ಹಿಡಿಯುತ್ತಾರೆ. ಮಳೆಯನ್ನೇ ನಂಬಿದ ಒಕ್ಕಲುಮಕ್ಕಳು ಬರುವ ವರ್ಷದ ಬೆಳೆಯನ್ನು ಆ ಒಂದು ಸಾಲಿನಲ್ಲಿ ಹುಡುಕುತ್ತಾರೆ.

ಕೊಟ್ಟೂರಿನಲ್ಲಿ ಗುರು ಬಸವೇಶ್ವರನ ತೇರು ಮೂಲಾ ನಕ್ಷತ್ರದಲ್ಲಿ ಹೊರಡುತ್ತದೆ. ದಿನಗಟ್ಟಲೆ ನಡೆದುಬರುವ ಪಾದಯಾತ್ರಿಗಳಿಗೆ ದಾರಿಯುದ್ದಕ್ಕೂ ಹಳ್ಳಿಯವರು ಅನ್ನ, ನೀರು ಕೊಡುತ್ತಾರೆ. ದಲಿತ ಮಹಿಳೆ ಕಳಸದಾರತಿ ಬೆಳಗಿದ ಬಳಿಕವೇ ಸ್ವಾಮಿ ರಥವನ್ನೇರುವ ಸಂಪ್ರದಾಯ ಅಲ್ಲಿದೆ. 2017ರ ಫೆಬ್ರವರಿಯಲ್ಲಿ ಎಳೆಯುತ್ತಿದ್ದ ತೇರು ಉರುಳಿಬಿದ್ದಾಗ ಊರಿಗೆ ಊರೇ ಕಂಗಾಲಾಗಿತ್ತು. ಅದೇ ತಾಲ್ಲೂಕಿನ ಉಜ್ಜಿನಿ, ವೀರಶೈವ ಪಂಚಪೀಠಗಳಲ್ಲಿ ಒಂದು. ಮರುಳಸಿದ್ಧೇಶ್ವರ ದೇವಾಲಯದ ಶಿಖರಕ್ಕೆ ವರ್ಷಕ್ಕೊಮ್ಮೆ ಎಣ್ಣೆಯ ಅಭಿಷೇಕವಾಗುತ್ತದೆ. ಜರಿಮಲೆ ಪಾಳೆಯಗಾರರ ಮನೆತನದಿಂದ ಎಣ್ಣೆ ಬರುವುದು ವಾಡಿಕೆ. ‘ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು’ ಎಂಬ ಗಾದೆಯ ಅರ್ಥ ಅಲ್ಲಿನ ಒಳಛಾವಣಿಯ ಕೆಳಗೆ ನಿಂತು ಕತ್ತೆತ್ತಿದರೆ ತಿಳಿಯುತ್ತದೆ.

ಕೂಡ್ಲಿಗಿ ಪಟ್ಟಣದಲ್ಲಿ ಗಾಂಧೀಜಿಯವರ ಚಿತಾಭಸ್ಮವನ್ನು ಇರಿಸಿದ ಹುತಾತ್ಮರ ಸ್ಮಾರಕವಿದೆ. ಹೆದ್ದಾರಿಯಲ್ಲಿ ಹೋಗುವವರು ಹತ್ತು ನಿಮಿಷ ಇಳಿದು ನೋಡಬಹುದು. ಪೂರ್ವಕ್ಕೆ ಗುಡೇಕೋಟೆ. ಹೆಬ್ಬಂಡೆಗಳ ನಡುವೆ ಪಾಳೆಯಗಾರರ ಕೋಟೆ, ಸುತ್ತಲಿನ ಕುರುಚಲು ಕಾಡಿನಲ್ಲಿ 2013ರಲ್ಲಿ ಘೋಷಣೆಯಾದ ಕರಡಿಧಾಮ. ಚಿತ್ರದುರ್ಗದ ಒನಕೆ ಓಬವ್ವನ ತವರು ಇದೇ ಎಂಬುದು ಇಲ್ಲಿನವರ ನಂಬಿಕೆ.

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯ ರಾಷ್ಟ್ರಕೂಟರ ಕಾಲದಲ್ಲಿ ಆರಂಭವಾಗಿ ಚಾಲುಕ್ಯ ಎರಡನೆಯ ತೈಲಪನ ಕಾಲದಲ್ಲಿ ಬೆಳೆದದ್ದು. ಒಂದಕ್ಕಿಂತ ಒಂದು ಭಿನ್ನವಾದ ಕಂಬಗಳ ಮಂಟಪ ಅಲ್ಲಿನ ವಿಶೇಷ. ಉಚ್ಚಂಗಿದುರ್ಗ ಪಾಂಡ್ಯರ ರಾಜಧಾನಿಯಾಗಿತ್ತು. ಹೊಯ್ಸಳ ಎರಡನೆಯ ಬಲ್ಲಾಳನು ಇದನ್ನು ಗೆದ್ದು ‘ಗಿರಿದುರ್ಗಮಲ್ಲ’, ‘ಶನಿವಾರಸಿದ್ಧಿ’ ಎಂಬ ಬಿರುದುಗಳನ್ನು ಧರಿಸಿದನು. ಇದೇ ಗುಡ್ಡದ ಇನ್ನೊಂದು ಚರಿತ್ರೆಯನ್ನು ಮುಚ್ಚಿಡಲಾಗದು. ಬಡವರ, ಅದರಲ್ಲಿಯೂ ದಲಿತರ ಹೆಣ್ಣುಮಕ್ಕಳಿಗೆ ಇಲ್ಲಿ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಬಿಡುತ್ತಿದ್ದರು. ಮದರಾಸು ಸರ್ಕಾರ 1947ರಲ್ಲಿಯೂ ಕರ್ನಾಟಕ ಸರ್ಕಾರ 1982ರಲ್ಲಿಯೂ ಇದನ್ನು ಕಾನೂನಿನಿಂದ ನಿಷೇಧಿಸಿದವು. ಹಾಗೆ ಬಿಟ್ಟ ತಾಯಂದಿರು ಈಗಲೂ ಈ ತಾಲ್ಲೂಕುಗಳ ಹಳ್ಳಿಗಳಲ್ಲಿ ಮುಪ್ಪಿನ ದಿನಗಳನ್ನು ಕಳೆಯುತ್ತಿದ್ದಾರೆ. ಕೋಟೆಯನ್ನು ನೋಡಲು ಹತ್ತುವ ಮಕ್ಕಳಿಗೆ ಬಲ್ಲಾಳನ ಬಿರುದುಗಳ ಜೊತೆ ಇದನ್ನೂ, ಅವರ ವಯಸ್ಸಿಗೆ ತಕ್ಕಂತೆ, ಹೇಳಬೇಕು.

ಹರಪನಹಳ್ಳಿಗೆ ಹೆಸರು ತಂದ ಇನ್ನೊಬ್ಬ ಹೆಣ್ಣುಮಗಳು ಹರಿದಾಸ ಪರಂಪರೆಯ ಕವಯಿತ್ರಿ ಭೀಮವ್ವ (1823–1903). ಆಕೆ ಹುಟ್ಟಿದ್ದು ನಾರಾಯಣದೇವರಕೆರೆಯಲ್ಲಿ. ಆ ಊರನ್ನು ಹುಡುಕಿಕೊಂಡು ಹೋದರೆ ನಿಮಗೆ ಕಾಣುವುದು ನೀರು. 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ನಿಲ್ಲಿಸಿದ ತುಂಗಭದ್ರಾ ಅಣೆಕಟ್ಟು ಸುಮಾರು 90 ಹಳ್ಳಿಗಳನ್ನು ಮುಳುಗಿಸಿತು. ನಾರಾಯಣದೇವರಕೆರೆಯ ಜನ ಗಂಟುಮೂಟೆ ಕಟ್ಟಿ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಕಾಲುವೆಯ ಕೆಳಗಿನ ಗದ್ದೆಗಳು ಹಸಿರಾದವು. ನೆಲ ಕೊಟ್ಟ ಈ ಕಡೆಯ ಊರುಗಳು ಮಾತ್ರ ಬಹುಕಾಲ ಮುಗಿಲನ್ನೇ ನೋಡುತ್ತ ಉಳಿದವು. ಈ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲವೆಂದೇ ನನ್ನ ಅಭಿಪ್ರಾಯ.

ಆ ಹಿನ್ನೀರಿನ ಸೀಮೆಯಲ್ಲಿಯೇ, ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿ, ಅಂಕಸಮುದ್ರವಿದೆ. ಶತಮಾನಗಳ ಹಿಂದೆ ಹಳ್ಳಿಯವರ ನೀರಾವರಿಗಾಗಿ ಕಟ್ಟಿದ 244 ಎಕರೆಯ ಕೆರೆ ಅದು. ಕೆರೆಯಂಗಳದಲ್ಲಿ ಬೆಳೆದ ಜಾಲಿಮರಗಳ ಮುಳ್ಳುಗಳೇ ಹಕ್ಕಿಗಳಿಗೆ ಕೋಟೆ. ಬಣ್ಣದ ಕೊಕ್ಕರೆ, ಕಪ್ಪುತಲೆಯ ಕೆಂಬರಲು ಮೊದಲಾದ 30,000ಕ್ಕೂ ಹೆಚ್ಚು ನೀರುಹಕ್ಕಿಗಳು ಅಲ್ಲಿ ತಂಗುತ್ತವೆ, ಗೂಡು ಕಟ್ಟುತ್ತವೆ. 2017ರಲ್ಲಿ ಅದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ, ಮಾಗಡಿ ಕೆರೆಗಳೊಡನೆ ರಾಮ್ಸರ್ ಜೌಗುಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯನ್ನು ಸೇರಿತು. ಹೋಗುವುದಾದರೆ ಸಂಜೆ ಹೊತ್ತು ಮುಳುಗುವುದಕ್ಕೆ ಒಂದು ಗಂಟೆ ಮೊದಲೇ ಏರಿಯ ಮೇಲೆ ಇರಿ. ಮೇವಿಗೆ ಹೋದ ಹಕ್ಕಿಗಳು ಆ ವೇಳೆಗೆ ಹಿಂಡು ಹಿಂಡಾಗಿ ಮರಳುತ್ತವೆ. ಮಕ್ಕಳಿಗೆ ಗದ್ದಲ ಮಾಡದಂತೆ ಮೊದಲೇ ಹೇಳಿಡಿ, ಕುಡಿಯುವ ನೀರನ್ನು ಜೊತೆಗೆ ಒಯ್ಯಿರಿ.