ಕೆರೋಟಿಡ್ ಅಪಧಮನಿಯ ವೈಪರೀತ್ಯಗಳು (ಕಿವಿ, ಮೂಗು, ಗಂಟಲು ಚಿಕಿತ್ಸೆಯಲ್ಲಿ)

ಕುತ್ತಿಗೆಯ ಎರಡೂ ಬದಿಯಲ್ಲಿ ಮೇಲೇರಿ ಮಿದುಳಿಗೂ ಮುಖಕ್ಕೂ ರಕ್ತ ಒಯ್ಯುವ ದೊಡ್ಡ ನಾಳಗಳೇ ಕೆರೋಟಿಡ್ ಅಪಧಮನಿಗಳು. ಥೈರಾಯ್ಡ್ ಮೃದ್ವಸ್ಥಿಯ ಮೇಲಂಚಿನ ಮಟ್ಟದಲ್ಲಿ ಪ್ರತಿಯೊಂದೂ ಒಳ, ಹೊರ ಕವಲುಗಳಾಗಿ ಒಡೆಯುತ್ತದೆ. ಒಳಕವಲು ಕುತ್ತಿಗೆಯಲ್ಲಿ ಶಾಖೆಯೊಡೆಯದೆ ನೇರವಾಗಿ ತಲೆಬುರುಡೆಯ ಬುಡ ಸೇರುತ್ತದೆ. ಅದು ದಾರಿ ಬದಲಿಸಿದಾಗ ಶಸ್ತ್ರಕ್ರಿಯೆಯಲ್ಲಿ ನಿಜವಾದ ಅಪಾಯ.

ಗಂಟಲಲ್ಲಿ: ವಯಸ್ಕರಲ್ಲಿ ಒಳಕವಲು ಟಾನ್ಸಿಲ್ ಕುಳಿಯಿಂದ ಸುಮಾರು 2.5 ಸೆಂ.ಮೀ. ಹಿಂದೆ, ಹೊರಮಗ್ಗುಲಲ್ಲಿರುತ್ತದೆ. ಕೆಲವರಲ್ಲಿ ಅದು ಬಾಗಿ, ಸುರುಳಿಯಾಗಿ, ಇಲ್ಲವೇ ಮಡಚಿಕೊಂಡು ಗಂಟಲಿನ ಹಿಂಗೋಡೆಯವರೆಗೂ ಸರಿದಿರುತ್ತದೆ. ಇದು ಹುಟ್ಟಿನಿಂದಲೇ ಬರಬಹುದು. ವಯಸ್ಸು, ಅಧಿಕ ರಕ್ತದೊತ್ತಡಗಳಿಂದಲೂ ಆಗಬಹುದು. ಬಹುತೇಕರಿಗೆ ಯಾವ ತೊಂದರೆಯೂ ತಿಳಿಯದು. ಕೆಲವರಿಗೆ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಅನಿಸುತ್ತದೆ. ಬಾಯಿ ತೆರೆಸಿ ನೋಡಿದರೆ ಹಿಂಗೋಡೆಯ ಒಂದು ಪಕ್ಕ ನುಣ್ಣಗೆ ಉಬ್ಬಿ ನಾಡಿಯೊಡನೆ ಮಿಡಿಯುತ್ತದೆ. ಇದನ್ನು ಕೀವುಗಡ್ಡೆಯೆಂದು ಬಗೆದು ಸೂಜಿ ಚುಚ್ಚಿದರೆ ಪ್ರಾಣಕ್ಕೇ ಕುತ್ತು. ಟಾನ್ಸಿಲ್, ಅಡಿನಾಯ್ಡ್ ಶಸ್ತ್ರಕ್ರಿಯೆಗೂ ಇದೇ ಎಚ್ಚರ ಬೇಕು. 22ನೇ ವರ್ಣತಂತುವಿನ ತುಣುಕು ಕಳೆದುಕೊಂಡು ಹುಟ್ಟಿದ ಮಕ್ಕಳಲ್ಲಿ ನಾಳ ಹೀಗೆ ಸರಿದಿರುವುದು ಹೆಚ್ಚು. ಅವರ ಅಂಗುಳ ಸರಿಪಡಿಸುವ ಮುನ್ನ ನಾಳಗಳ ಚಿತ್ರ ತೆಗೆಸುವುದು ಒಳ್ಳೆಯದು.

ಕಿವಿಯಲ್ಲಿ: ಅಪರೂಪಕ್ಕೆ ಒಳಕವಲು ಮಧ್ಯಕಿವಿಯನ್ನೇ ಹಾದುಹೋಗುತ್ತದೆ. ಕಿವಿತಮಟೆಯ ಹಿಂದೆ ಕೆಂಪು ಛಾಯೆ ಕಾಣುತ್ತದೆ, ಕಿವಿಯಲ್ಲಿ ನಾಡಿಯ ತಾಳಕ್ಕೆ ಸದ್ದು ಕೇಳುತ್ತದೆ. ನೋಟಕ್ಕೆ ಗ್ಲೋಮಸ್ ಎಂಬ ರಕ್ತತುಂಬಿದ ಗಡ್ಡೆಯನ್ನೇ ಹೋಲುವುದರಿಂದ ಸಿ.ಟಿ. ಸ್ಕ್ಯಾನ್ ಇಲ್ಲದೆ ತಮಟೆ ಕೊಯ್ಯಬಾರದು.

ಮೂಗಿನಲ್ಲಿ: ಸ್ಫೀನಾಯ್ಡ್ ಸೈನಸ್ಸಿನ ಪಕ್ಕದ ಗೋಡೆಯಲ್ಲಿ ಇದೇ ನಾಳ ಉಬ್ಬಿರುವುದುಂಟು, ಅದರ ಮೇಲಿನ ಮೂಳೆ ತೀರ ತೆಳುವಾಗಿರಬಹುದು, ಇಲ್ಲದೆಯೂ ಇರಬಹುದು. ಎಂಡೋಸ್ಕೋಪ್ ಶಸ್ತ್ರಕ್ರಿಯೆಗೆ ಮುನ್ನ ಸ್ಕ್ಯಾನಿನಲ್ಲಿ ಇದನ್ನು ಹುಡುಕಬೇಕು.

ಕುತ್ತಿಗೆಯಲ್ಲಿ: ಕವಲೊಡೆಯುವೆಡೆ ಬೆಳೆಯುವ, ಕೆರೋಟಿಡ್ ಬಾಡಿ ಎಂಬ ಚಿಕ್ಕ ಅಂಗಾಂಶದ ಗಡ್ಡೆ ಬೆರಳಿಗೆ ಅಕ್ಕಪಕ್ಕ ಸರಿಯುತ್ತದೆ, ಮೇಲೆ ಕೆಳಗೆ ಅಷ್ಟಾಗಿ ಸರಿಯದು. ಅದು ಎರಡೂ ಕವಲುಗಳನ್ನು ಅಗಲಿಸಿ ನಿಲ್ಲುವುದರಿಂದ ಚಿತ್ರದಲ್ಲಿ ಬೇಗ ಗುರುತು ಸಿಗುತ್ತದೆ. ಆಂಡಿಸ್‌ನಂಥ ಎತ್ತರದ ನಾಡುಗಳಲ್ಲಿ ಇದು ಹೆಚ್ಚು. ಇನ್ನು, ಕುತ್ತಿಗೆಯ ಭಾಗದ ಕ್ಯಾನ್ಸರಿಗೆ ವಿಕಿರಣ ಪಡೆದವರ ಗಂಟಲಿನಿಂದ ಸ್ವಲ್ಪ ರಕ್ತ ಬಂದರೂ ಅದು ನಾಳ ಒಡೆಯುವ ಮುನ್ಸೂಚನೆಯಾಗಿರಬಹುದು, ಕಾಯುತ್ತಾ ಕೂರಬಾರದು.

ಇಂಥ ತಪಾಸಣೆಗೆ ತೆಲಂಗಾಣದ ಕೊಹೀರ್, ಜಹೀರಾಬಾದ್ ಕಡೆಯ ಕನ್ನಡಿಗರಿಗೆ ಬೀದರಿನ ವೈದ್ಯಕೀಯ ವಿಜ್ಞಾನ ಸಂಸ್ಥೆ ಹತ್ತಿರ; ಹೈದರಾಬಾದಿನ ಕೋಠಿಯಲ್ಲಿ ಸರ್ಕಾರಿ ಇಎನ್‌ಟಿ ಆಸ್ಪತ್ರೆ ಇದೆ. ಎಲ್ಲಿಗೆ ಹೋದರೂ ಹಳೆಯ ಸ್ಕ್ಯಾನ್ ಫಿಲ್ಮುಗಳನ್ನು ಜೊತೆಗೊಯ್ದರೆ ವೈದ್ಯರಿಗೆ ನಾಳದ ದಾರಿ ಮೊದಲೇ ತಿಳಿಯುತ್ತದೆ.