ವೃತ್ತಾಂತಗಳ ಪ್ರಾಮಾಣ್ಯ

ಪಂಡಿತರಾದ ಹಸನ್ ಬಸ್ರಿಯವರಿಗೂ ಸಾಧ್ವಿ ರಾಬಿಯಾ ಅವರಿಗೂ ನಡೆದುವೆಂಬ ಸಂವಾದಗಳು ಪಾರಸಿ ಗ್ರಂಥಗಳಲ್ಲಿ ಪ್ರಸಿದ್ಧವಾಗಿವೆ. ಆದರೆ ಹಸನರು ಗತಿಸಿದ ಕ್ರಿ. ಶ. 728ರಲ್ಲಿ ರಾಬಿಯಾ ಇನ್ನೂ ಬಾಲೆ. ಆ ಕಥೆಗಳು ಭಕ್ತಿಗೆ ಭೂಷಣವಾದಾವು, ಚರಿತ್ರೆಗೆ ಆಧಾರವಾಗವು. ಹೇಳಿದವರಾರು, ಅವರು ಯಾರಿಂದ ಕೇಳಿದರು, ಇಬ್ಬರೂ ಸಮಕಾಲೀನರೇ ಎಂದು ‘ಇಸ್ನಾದ್’ ಎಂಬ ಪರಂಪರೆಯನ್ನು ಶೋಧಿಸುವ ಕ್ರಮವನ್ನು ಇಸ್ಲಾಂ ವಿದ್ವಾಂಸರೇ ಬೆಳೆಸಿದರು.

ನಮ್ಮ ಮಳವಳ್ಳಿಯ ಕದನಕ್ಕೂ ಈ ಒರೆಗಲ್ಲು ಸಲ್ಲುವುದು. 1799ನೆಯ ಮಾರ್ಚಿ 27ರಂದು ಟೀಪೂ ಸುಲ್ತಾನನು ಅಲ್ಲಿ ಹ್ಯಾರಿಸ್ ಸೇನಾನಿಗೆ ಇದಿರಾಗಿ ಹಿಮ್ಮೆಟ್ಟಿದನು. ಇಂಗ್ಲಿಷ್ ದಂಡಿನ ಬೀಟ್ಸನ್ ಮರುವರ್ಷವೇ ಯುದ್ಧವೃತ್ತಾಂತವನ್ನು ಪ್ರಕಟಿಸಿದನು. ಟೀಪುವಿನ ಆಶ್ರಿತನಾಗಿದ್ದ ಕಿರ್ಮಾನಿ 1802ರಲ್ಲಿ ‘ನಿಶಾನ್-ಎ-ಹೈದರಿ’ಯನ್ನು ಮುಗಿಸಿದನು. ಇಬ್ಬರೂ ಸಮಕಾಲೀನರು; ಇಬ್ಬರಿಗೂ ಪಕ್ಷವುಂಟು. ಕಾಲ ಹೊಂದಿತೆಂದು ನಂಬುವುದೂ, ಪಕ್ಷವುಂಟೆಂದು ತಳ್ಳುವುದೂ ಸಲ್ಲದು. ಎದುರಾಳಿಗಳಿಬ್ಬರೂ ಒಪ್ಪಿದ ಅಂಶವೇ ಮೊದಲು ಗ್ರಾಹ್ಯ.