ಹಂಪೆಯ ಗಜಶಾಲೆ

ವಿರೂಪಾಕ್ಷನ ದರ್ಶನಕ್ಕೆಂದು ಹಂಪೆಗೆ ಹೋದವರು ತಪ್ಪದೆ ನೋಡಿ ಬರುವ ಕಟ್ಟಡಗಳಲ್ಲಿ ಗಜಶಾಲೆಯೂ ಒಂದು. ರಾಣಿವಾಸದ ಪ್ರಾಕಾರದಾಚೆ ಪೂರ್ವಕ್ಕೆ, ವಿಶಾಲವಾದ ಬಯಲಿನಂಚಿನಲ್ಲಿ ಅದು ಪಶ್ಚಿಮಾಭಿಮುಖವಾಗಿ ನಿಂತಿದೆ. ಒಂದೇ ಸಾಲಿನಲ್ಲಿ 11 ಕೋಣೆಗಳು. ಒಂದೊಂದಕ್ಕೂ ಎತ್ತರವಾದ ಕಮಾನಿನ ದ್ವಾರ. ನಡುವಣ ಕೋಣೆಯ ಮೇಲೆ ಭಗ್ನವಾದ ಉಪ್ಪರಿಗೆಯೂ ಅದರ ಇಕ್ಕೆಲಗಳಲ್ಲಿ ಐದೈದು ಗುಮ್ಮಟಗಳೂ ಇವೆ. ಗುಮ್ಮಟಗಳೆಲ್ಲ ಒಂದೇ ಅಚ್ಚಿನವಲ್ಲ; ಕೆಲವು ನುಣುಪಾದವು, ಕೆಲವು ಏಣುಗಳುಳ್ಳವು. ಆದರೆ ಎಡಗಡೆಯ ಕ್ರಮವೇ ಬಲಗಡೆಯಲ್ಲಿಯೂ ಮರುಕಳಿಸುತ್ತದೆ. ಕಮಾನು ಗುಮ್ಮಟಗಳ ಈ ರೀತಿ ಬಹಮನಿ ಸುಲ್ತಾನರ ನಾಡಿನದು. ವಿಜಯನಗರದ ಅರಸರು ಅದನ್ನು ದೇವಾಲಯಗಳಿಗಿಂತ ಹೆಚ್ಚಾಗಿ ಅರಮನೆಯ ಲೌಕಿಕ ಕಟ್ಟಡಗಳಲ್ಲಿ ಬಳಸಿದರು.

ಗಜಶಾಲೆಯೆಂಬ ಹೆಸರು ರೂಢಿಯಿಂದ ಬಂದುದು. ಅದು ಸಾರ್ಥಕವೇ ಎಂಬ ಪ್ರಶ್ನೆಗೆ ಅಬ್ದುಲ್ ರಜಾಕನ ಬರಹವನ್ನು ನೋಡಬೇಕು. ಹೆರಾತಿನಿಂದ ಶಾರುಖನ ರಾಯಭಾರಿಯಾಗಿ ಅವನು ಇಲ್ಲಿಗೆ ಬಂದದ್ದು 1443ರಲ್ಲಿ. ಆಗ ಆಳುತ್ತಿದ್ದವನು ನಮ್ಮ ಓದುಗರಿಗೆ ಚಾಮರಸನ ಆಶ್ರಯದಾತನಾಗಿ, ನೂರೊಂದು ವಿರಕ್ತರ ಭಕ್ತನಾಗಿ ಪರಿಚಿತನಾದ ಪ್ರೌಢದೇವರಾಯ. ಒಂದೊಂದು ಆನೆಗೂ ಪ್ರತ್ಯೇಕ ಕೋಣೆಯಿತ್ತು, ಗೋಡೆಗಳು ಬಲು ಗಟ್ಟಿಯಾಗಿದ್ದವು, ಆನೆಗಳಿಗೆ ಬಿಗಿದ ಸರಪಳಿಗಳನ್ನು ಮೇಲೆ ಛಾವಣಿಗೆ ಕಟ್ಟಿದ್ದರು ಎಂದು ಅವನು ಹೇಳುತ್ತಾನೆ. ಇಂದಿಗೂ ಮಾರ್ಗದರ್ಶಕರು ಗುಮ್ಮಟದೊಳಗಿನ ಕೊಂಡಿಗಳನ್ನು ತೋರಿಸಿ ಇದನ್ನೇ ವಿವರಿಸುತ್ತಾರೆ. ಆದರೆ ರಜಾಕನು ಕಂಡ ಛಾವಣಿ ದಪ್ಪ ಮರದ್ದು! ನಾವು ಕಾಣುವುದು ಗಾರೆಯ ಗುಮ್ಮಟ. ಆದುದರಿಂದ ಅವನ ವರ್ಣನೆಯನ್ನು ಈ ಕಟ್ಟಡಕ್ಕೆ ನೇರವಾಗಿ ಅನ್ವಯಿಸುವುದು ಸಾಧುವಲ್ಲ. ಒಂದೋ ಇದು ಅವನು ಬಂದುಹೋದ ಮೇಲೆ ಕಟ್ಟಿದ್ದು, ಇಲ್ಲವೇ ಅವನು ನೋಡಿದ ಶಾಲೆ ಬೇರೆ.

ಹಾಗೆಂದು ರೂಢಿಯ ಹೆಸರನ್ನು ತಳ್ಳಿಹಾಕಬೇಕಾಗಿಲ್ಲ. ರಾಜ್ಯದಲ್ಲಿ ಸಾವಿರಕ್ಕೂ ಮಿಕ್ಕಿ ಆನೆಗಳಿದ್ದವೆಂದು ರಜಾಕನೇ ಬರೆದಿದ್ದಾನೆ. 11 ಕೋಣೆಗಳು ಅಷ್ಟಕ್ಕೆ ಎಲ್ಲಿ ಸಾಲಬೇಕು? ಸೇನೆಯ ಆನೆಗಳ ಲಾಯ ಇದಾಗಿರಲಾರದು. ರಾಣಿವಾಸದ ಸಾಮೀಪ್ಯ, ಮುಂದಿನ ಬಯಲು, ನಡುವೆ ಉಪ್ಪರಿಗೆ, ಇವನ್ನೆಲ್ಲ ಕೂಡಿಸಿ ನೋಡಿದರೆ ಉತ್ಸವದಲ್ಲಿ ಅರಸನ ಮುಂದೆ ನಡೆಯುವ ಪಟ್ಟದಾನೆಗಳಿಗೆಂದೇ ಇದನ್ನು ಕಟ್ಟಿಸಿರಬೇಕೆಂದು ತೋರುತ್ತದೆ.

ಮರದ ಕಟ್ಟಡಗಳ ಗತಿ ಏನಾಯಿತೆಂಬುದು ಸಮೀಪದಲ್ಲಿಯೇ ಕಾಣುತ್ತದೆ. 1565ರ ಯುದ್ಧದ ತರುವಾಯ ನಗರ ಹಾಳಾದಾಗ ಮರದ ಕಂಬ ತೊಲೆಗಳ ಅರಮನೆಗಳು ನಾಶವಾದವು. ಅವುಗಳ ಕಲ್ಲಿನ ಜಗತಿಗಳು ಮಾತ್ರ ಉಳಿದಿವೆ. ಅರಸನು ಮಲಗುತ್ತಿದ್ದ ಮನೆಯ ಆಕಾರವನ್ನು ನಾವು ಊಹಿಸಬೇಕಾಗಿದೆ. ಆನೆಗಳ ಮನೆಗೆ ಮಾತ್ರ ಇನ್ನೂ ಛಾವಣಿಯಿದೆ.